ರಿಪ್ಲೈ ಕಾರ್ಡಿನಲ್ಲಿ ಬರೆದ ವಂದನೆ

ಫೋನಿನಲ್ಲಿ ಬರೆಯುವುದೆಂದರೆ ತೊಂಬತ್ತು ದಾಟಿದ ನನಗೆ ಶಿಕ್ಷೆ, ಗೆಳೆಯರೇ. ಮೊಮ್ಮಗಳ ಬಲವಂತ. ಕೆಲಸ ಕೊಡದ ಕಚೇರಿಗೆ ಅವಳು ಇವತ್ತು ವಂದನೆಯ ಕಾಗದ ಬರೆಯುತ್ತಿದ್ದಳು. “ಯಾತಕ್ಕೇ ಅದು?” ಎಂದು ರೇಗಿದೆ. “ನೀನೂ ಬರ್ದಿದ್ದೆ ತಾನೇ ತಾತ? ಅದನ್ನೇ ಎಲ್ಲರಿಗೂ ಹೇಳು” ಎಂದಳು.

ನಲವತ್ತರ ದಶಕದಲ್ಲಿ ಕೋಲಾರದ ಸಾಹೇಬರೊಬ್ಬರ ರೇಷ್ಮೆಗೂಡಿನ ಅಂಗಡಿಗೆ ಗುಮಾಸ್ತನ ಕೆಲಸ ಕೇಳಿ ಹೋಗಿದ್ದೆ. “ಅಕ್ಷರ ಚೆನ್ನಾಗಿಲ್ಲ ಬೇಟಾ” ಎಂದು ಚಹಾ ಕುಡಿಸಿ ಕಳಿಸಿದರು.

“ಚಾ ಕುಡ್ದಿದ್ದೀಯಲ್ಲೋ, ನಾಲ್ಕು ಸಾಲು ಬರಿ!” ಎಂದು ಅಪ್ಪ ಬೈದ. ಮನೆಯಲ್ಲಿದ್ದದ್ದು ರಿಪ್ಲೈ ಕಾರ್ಡು. ಉತ್ತರಕ್ಕೆಂದು ಖಾಲಿ ಕಾರ್ಡೊಂದು ಜೊತೆಗೇ ಇರುತ್ತಿತ್ತು. ಒಂದರಲ್ಲಿ ವಂದನೆ ಬರೆದು, ಖಾಲಿಯದನ್ನು ಕೀಳದೆ ಹಾಗೇ ಅಂಚೆಗೆ ಹಾಕಿದೆ. ಸಾಹೇಬರ ಉತ್ತರ ಬಂತು: “ಜವಾಬಿಗೆ ಕಾರ್ಡು ಕಳಿಸಿದವನಿಗೆ ಇಲ್ಲ ಅನ್ನೋಕಾಗಲ್ಲ. ಸೋಮವಾರ ಬಾ, ಗೂಡು ಆರಿಸು.”

ಆ ಕಾರ್ಡು ಈಗಲೂ ನನ್ನ ಟ್ರಂಕಿನಲ್ಲಿದೆ. ಮೊಮ್ಮಗಳ ಕಾಗದದ ಜೊತೆ ಖಾಲಿ ಕಾರ್ಡಿಲ್ಲ. ಆದರೂ ಕಚೇರಿಯವರೇ, ಬರುವ ಸೋಮವಾರದೊಳಗೆ ಉತ್ತರ ಕೊಡಿ.