ಅಕ್ಕೋರ ಮನೆಯ ವೈಫೈ ಹೆಸರು

ಈ ಕತೆಯಲ್ಲಿ ಕತ್ತೆ ಯಾರೆಂದು ಕೊನೆಯವರೆಗೆ ಕಾಯಿಸುವುದಿಲ್ಲ. ನಾನೇ. ಬಾಡಿಗೆಗಿದ್ದ ಮನೆಯ ವೈಫೈಗೆ ಮನೆಯೊಡತಿಯ ಮಾತನ್ನೇ ಅಣಕಿಸಿ ಹೆಸರಿಟ್ಟವನು ನಾನು. ಆ ಹೆಸರನ್ನು ಅಳಿಸಲೇಬೇಕಾಗಿ ಬಂದಾಗ ರೌಟರು ನನ್ನನ್ನು ಒಳಕ್ಕೆ ಬಿಡಲಿಲ್ಲ. ಬಿಡದಂತೆ ಮಾಡಿಕೊಂಡವನೂ ನಾನೇ. ಇಷ್ಟು ಹೇಳಿದ ಮೇಲೆ ಉಳಿದದ್ದನ್ನು ಸಮಾಧಾನವಾಗಿ ಹೇಳಬಹುದು.

ನನ್ನ ಊರು ಹಿರೇಕೆರೂರಿನ ಕಡೆ. ಬೀಜದ ಕಂಪನಿಯೊಂದರಲ್ಲಿ ಕೆಲಸ ಸಿಕ್ಕು ಹಾನಗಲ್ಲಿಗೆ ಬಂದೆ. ಇಲ್ಲಿಂದ ಶಿಗ್ಗಾವಿ, ಸವಣೂರಿನವರೆಗೆ ಅನೇಕ ಹೊಲಗಳಲ್ಲಿ ಕಂಪನಿಗಾಗಿ ಬೆಂಡೆ, ಮೆಣಸಿನಕಾಯಿಯ ಬೀಜ ಬೆಳೆಯುತ್ತಾರೆ. ಆ ಹೊಲಗಳನ್ನು ಸುತ್ತಿ, ಹೂವಿನ, ಕಾಯಿಯ ಫೋಟೊ ಹೊಡೆದು, ಸಂಜೆ ಕೋಣೆಗೆ ಬಂದು ಕಂಪನಿಗೆ ಕಳಿಸುವುದು ನನ್ನ ಉದ್ಯೋಗ. ದಿನವೆಲ್ಲ ಮೆಣಸಿನ ಗಿಡದ ಮುಂದೆ ಬಗ್ಗಿ ನಿಂತವನಿಗೆ ಸಂಜೆ ಯಾರಾದರೂ ಬೈದರೂ ಸಾಕು ಅನ್ನಿಸುತ್ತದೆ. ಬೈಯುವವರೂ ಇರಲಿಲ್ಲ. ಆದ್ದರಿಂದ ನಾನೇ ಬೈದುಕೊಳ್ಳುತ್ತಿದ್ದೆ, ನಮ್ಮ ಮ್ಯಾನೇಜರ ದನಿಯಲ್ಲಿ.

ದನಿ ಕದಿಯುವುದು ನನ್ನ ಹುಟ್ಟುಗುಣ. ಒಬ್ಬರು ಎರಡು ಮಾತಾಡಿದರೆ ಸಾಕು, ಮೂರನೆಯದನ್ನು ಅವರಿಗಿಂತ ಚೆನ್ನಾಗಿ ನಾನು ಆಡಬಲ್ಲೆ. ಕೋಣೆಯಲ್ಲಿ ಅಡುಗೆಗೆ ನಿಂತರೆ ಕುಕ್ಕರು ಸೀಟಿ ಹೊಡೆದಾಗಲೆಲ್ಲ ಸವಣೂರು ಬಸ್ಸಿನ ಕಂಡಕ್ಟರು ಮೂಗಿನಿಂದ 'ರೈಟ್' ಅನ್ನುತ್ತಿದ್ದ. ಮ್ಯಾನೇಜರು ಅನ್ನದ ಹದ ನೋಡಿ ತಪ್ಪು ತೆಗೆಯುತ್ತಿದ್ದರು. ಶಿಗ್ಗಾವಿಯ ರೈತರೊಬ್ಬರು ಕೆಮ್ಮಿ, ಉಪ್ಪು ಕಡಿಮೆಯಾಗಿದೆ ಅನ್ನುತ್ತಿದ್ದರು. ಕೋಣೆ ತುಂಬ ಜನ, ತಟ್ಟೆ ಮಾತ್ರ ಒಂದು. ನಗುವ ಕೆಲಸವೂ ನನ್ನ ಪಾಲಿಗೇ ಇದ್ದುದರಿಂದ ಕೆಲವು ದಿನ ಯಾರೂ ನಗುತ್ತಿರಲಿಲ್ಲ. ಊರಿಗೆ ಫೋನು ಮಾಡಿದರೆ ಅವ್ವ ಮೊದಲು ಕೇಳುವುದು, 'ಖರೇನ ನೀನ ಏನು?' ಅವಳನ್ನೂ ಅಷ್ಟು ಸಲ ಏಮಾರಿಸಿದ್ದೆ.

ಕೆಳಗಿನ ಮನೆಯಲ್ಲಿ ಮನೆಯೊಡತಿ ಅಕ್ಕೋರಿದ್ದರು. ಹುಡುಗಿಯರಿಗೆ ಹೊಲಿಗೆ ಕಲಿಸುವುದರಿಂದ ಓಣಿಗೆಲ್ಲ ಅವರು ಅಕ್ಕೋರೇ, ಅಂದರೆ ಟೀಚರೇ. ಐವತ್ತು ದಾಟಿದವರು, ಮದುವೆಯಾದವರಲ್ಲ. ಕೆಳಗಿನದನ್ನೂ ಮೇಲಿನ ನನ್ನ ಕೋಣೆಯನ್ನೂ ರವಿಕೆ ಹೊಲಿದೇ ಕಟ್ಟಿಸಿದವರು. ಸಂಜೆ ಕ್ಲಾಸು ಬಿಟ್ಟ ಮೇಲೆ ಬಟ್ಟೆ ಅಳೆಯುವ ಕಬ್ಬಿಣದ ಗಜಕಡ್ಡಿಯಿಂದ ಮೆಟ್ಟಿಲ ಕಂಬಿಯನ್ನು ಟಣ್ ಟಣ್ ಬಡಿಯುತ್ತಿದ್ದರು. ಚಹಾ ಆಗಿದೆ, ಇಳಿದು ಬಾ ಎಂದು ಅದರರ್ಥ. ನಾನು ಹೋಗಿ ಕುಳಿತು ಆ ದಿನದ ಮಂದಿಯನ್ನೆಲ್ಲ ಆಡಿ ತೋರಿಸುತ್ತಿದ್ದೆ. ಅಕ್ಕೋರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ನಾನು ಏಳುವ ಹೊತ್ತಿಗೆ ಮಾತ್ರ ತಪ್ಪದೆ ಒಂದು ಮಾತು: 'ಕುಂದರೋ ತಮ್ಮಾ, ಯಾರ್ ಅದಾರ ಮಾತಾಡಾಕ?'

ಆ ಮಾತಿನಲ್ಲಿ 'ಯಾರ್' ಎಂಬುದು ಎದ್ದು, 'ಮಾತಾಡಾಕ' ಎಂಬುದು ನೆಲಕ್ಕೆ ಬಿದ್ದು ಹೋಗುತ್ತಿತ್ತು. ಅಣಕಿಸುವವನಿಗೆ ಹಬ್ಬ. ಮೇಲೆ ಬಂದು ನಾನು ಅದನ್ನು ಗೋಡೆಗೆ ಹೇಳುತ್ತಿದ್ದೆ, ಬಕೆಟ್ಟಿಗೆ ಹೇಳುತ್ತಿದ್ದೆ. ಒಂದು ಭಾನುವಾರ ಮಳೆ ಹಿಡಿದು ಎಲ್ಲಿಗೂ ಹೋಗಲಾಗದೆ ಕುಳಿತಾಗ ರೌಟರಿನ ಪುಟ ತೆರೆದು, ಕೆಳಗೂ ಮೇಲೂ ಒಂದೇ ಆಗಿದ್ದ ವೈಫೈಯ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ 'ಯಾರ್ ಅದಾರ ಮಾತಾಡಾಕ' ಎಂದು ಬದಲಿಸಿದೆ. ಹೆಸರು ಬದಲಾದರೆ ಎಲ್ಲ ಫೋನೂ ಕಳಚಿಕೊಳ್ಳುತ್ತವೆ. ಹೀಗಾಗಿ, ಲೈನು ಸರಿಮಾಡುತ್ತೇನೆ ಎಂದು ಸುಳ್ಳು ಹೇಳಿ ಅಕ್ಕೋರ ಫೋನನ್ನೂ, ಕ್ಲಾಸಿನಲ್ಲಿ ರವಿಕೆಯ ಡಿಜೈನು ತೋರಿಸುವ ಟ್ಯಾಬನ್ನೂ ನಾನೇ ಮತ್ತೆ ಜೋಡಿಸಿದೆ. ಅವರು ಅದರ ಹೆಸರು ನೋಡಲಿಲ್ಲ. ಓಣಿಯ ಹುಡುಗರು ನೋಡಿದರು, ನನ್ನನ್ನು ಕಂಡಾಗ ಹುಬ್ಬು ಹಾರಿಸಿದರು. ಅಷ್ಟು ಮೆಚ್ಚಿಗೆ ನನಗೆ ಸಾಕಿತ್ತು.

ಒಂದು ಗುರುವಾರ ಅಕ್ಕೋರು ಚಹಾ ಕೊಡುವಾಗ ನಗಲಿಲ್ಲ. ಸವಣೂರಿನಿಂದ ಅಣ್ಣ ಭಾನುವಾರ ಮನೆಮಂದಿಯನ್ನೆಲ್ಲ ಕರೆದುಕೊಂಡು ಬರುತ್ತಾನಂತೆ. ಬಹಳ ದಿನದಿಂದ ಅವನದು ಒಂದೇ ಹಟ: ತಂಗಿ ಒಬ್ಬಳೇ ಇರುವುದು ಬೇಡ, ಹಾನಗಲ್ಲಿನ ಮನೆ ಮಾರಲಿ, ಬಂದು ತಮ್ಮೊಡನೆ ಇರಲಿ. ತನಗೆ ಜನರೇನು ಕಡಿಮೆ, ಬೇಸರವೆಂಬುದೇ ಗೊತ್ತಿಲ್ಲ ಎಂದು ಫೋನಿನಲ್ಲಿ ಇವರು ಪ್ರತಿ ಸಲ ಹೇಳಿ ತಪ್ಪಿಸಿಕೊಂಡಿದ್ದಾರೆ. ಈ ಸಲ ಅಣ್ಣ ಗಿರಾಕಿಯನ್ನೂ ಮಾತಾಡಿಸಿಟ್ಟಿದ್ದಾನೆ. 'ಇಲ್ಲಿ ಹೆಂಗ ಇರ್ತೇನಿ ಅಂತ ಕಣ್ಣಲೇ ನೋಡಿ ಹೋಗಲಿ' ಎಂದರು ಅಕ್ಕೋರು. ಆಮೇಲೆ, ಅಣ್ಣನ ಮಕ್ಕಳು ಬಂದೊಡನೆ ವೈಫೈ ಕೇಳುತ್ತಾರೆ, ನೀನೇ ಹಚ್ಚಿಕೊಡು ಎಂದು ನನಗೇ ವಹಿಸಿದರು.

ಬಾಯಿಯೊಳಗಿನ ಚಹಾ ಅಲ್ಲೇ ನಿಂತಿತು. ಬೇಸರವೇ ಇಲ್ಲ ಎನ್ನುವ ಹೆಂಗಸಿನ ಮನೆಯ ವೈಫೈ, ಮಾತಾಡಲು ಯಾರಿದ್ದಾರೆ ಎಂದು ಬಂದವರ ಫೋನಿನಲ್ಲೆಲ್ಲ ಕೂಗುತ್ತದೆ. ಅವರ ಮನೆಯನ್ನು ನಾನು ಮಿಮಿಕ್ರಿ ಮಾಡಿ ಮಾರಿಸಿದಂತಾಗುತ್ತದೆ.

ಮೇಲೆ ಹೋದವನೇ ಫೋನಿನಲ್ಲಿ ರೌಟರಿನ ಪುಟ ತೆರೆದೆ. ಪುಟ ಅಚ್ಚ ಕನ್ನಡದಲ್ಲಿ ಬಂತು. 'ಸ್ವಾಗತ' ಎಂದಿತು. ಗುಪ್ತಪದದ ಕೆಳಗೆ ಒಂದು ಚೌಕ, ಅದರ ಪಕ್ಕ 'ನನ್ನನ್ನು ನೆನಪಿಡಿ'. ಹೋದ ಸಲ ಇಂಗ್ಲಿಷಿನಲ್ಲಿದ್ದದ್ದು ನೆನಪಿಗೆ ಬಂತು. ಡಬ್ಬಿಯೂ ಕನ್ನಡ ಕಲಿಯಿತು, ಹಾನಗಲ್ಲಿನ ನೀರಿನ ಗುಣ ಎಂದು ಹೆಮ್ಮೆಪಟ್ಟೆನೇ ಹೊರತು ಬೇರೆ ಯೋಚನೆ ಬರಲಿಲ್ಲ. ಗುಪ್ತಪದ ಹಾಕಿ ಒತ್ತಿದೆ. ಹೆಸರು ಅಥವಾ ಗುಪ್ತಪದ ತಪ್ಪು. ನಿಧಾನವಾಗಿ ಹಾಕಿದೆ, ತಪ್ಪು. ಡಬ್ಬಿಯ ಬೆನ್ನಿಗಂಟಿಸಿದ ಚೀಟಿಯ ಫೋಟೊ ನನ್ನಲ್ಲಿತ್ತು, ಒಂದೊಂದೇ ಅಕ್ಷರ ನೋಡಿ ಹಾಕಿದೆ, ತಪ್ಪು. ಕಡೆಗೆ ಅದು, ತುಂಬ ಸಲ ಪ್ರಯತ್ನಿಸಿದ್ದೀರಿ, ಸ್ವಲ್ಪ ಹೊತ್ತು ಕಾಯಿರಿ ಎಂದು ಬಾಗಿಲು ಹಾಕಿಕೊಂಡಿತು. ಲ್ಯಾಪ್‌ಟಾಪಿನಲ್ಲಿ ನೋಡಿದೆ, ಅದೇ ಪಾಠ. ಎರಡರಲ್ಲೂ ತಪ್ಪೆಂದರೆ ರೌಟರೇ ಕೆಟ್ಟಿದೆ ಎಂದು ತೀರ್ಮಾನಿಸಿದೆ. ಕಂಡಕ್ಟರು, ಮ್ಯಾನೇಜರು, ರೈತರು ಎಲ್ಲರನ್ನೂ ಕರೆದು ಸಭೆ ಮಾಡಬೇಕೆನಿಸಿತು. ಆ ಸಂಜೆ ಯಾರೂ ಬರಲಿಲ್ಲ. ಸ್ವಂತ ದನಿಯಲ್ಲಿ ಕೇಳಿದರೆ ಉತ್ತರ ಕೊಡುವವರು ಆ ಕೋಣೆಯಲ್ಲಿ ಇಲ್ಲವೆಂದು ಗೊತ್ತಾಯಿತು.

ಮರುದಿನ ಸವಣೂರಿನ ಹೊಲವೊಂದರ ಬದುವಿನಲ್ಲಿ ಕುಳಿತು ಇಂಟರ್ನೆಟ್ಟಿನವನಿಗೆ ಫೋನು ಮಾಡಿದೆ. ಶಿಗ್ಗಾವಿಯಲ್ಲಿರುತ್ತಾನೆ, ಹಾನಗಲ್ಲಿಗೂ ಲೈನು ಎಳೆದವನು ಅವನೇ. ವೈಫೈಯ ಹೆಸರು ಬದಲಿಸಬೇಕು, ರೌಟರು ಒಳಗೆ ಬಿಡುತ್ತಿಲ್ಲ, ಸೂಜಿಯಿಂದ ಅದರ ಹಿಂದಿನ ತೂತು ಒತ್ತಿ ಎಲ್ಲ ಅಳಿಸಿಬಿಡಲೇ ಎಂದೆ. ಹಾಗೆ ಮಾಡಿದರೆ ತಾನು ಹಾಕಿದ ಸೆಟ್ಟಿಂಗೂ ಹೋಗಿ ನೆಟ್ಟೇ ನಿಲ್ಲುತ್ತದೆ, ಸೋಮವಾರದತನಕ ತಾನು ಶಿಗ್ಗಾವಿ ಬಿಟ್ಟು ಬರುವುದಿಲ್ಲ ಎಂದ. ಬಂದ ನೆಂಟರಿಗೆ ನೆಟ್ಟೂ ಇಲ್ಲವೆಂದರೆ, ನೋಡು, ಈ ಮನೆಯಲ್ಲಿ ಒಂದೂ ನೆಟ್ಟಗಿಲ್ಲ ಎನ್ನಲು ಅಣ್ಣನಿಗೆ ಇನ್ನೊಂದು ನೆಪ. ಬದಲಿಸುವುದು ಯಾವ ಹೆಸರು ಎಂದು ಅವನು ಕೇಳಿದ. ನಾನು ಫೋನು ಇಟ್ಟೆ. ಅವನ ದನಿ ಕದಿಯಲು ಚೆನ್ನಾಗಿತ್ತು, ಮನಸ್ಸಾಗಲಿಲ್ಲ.

ಶನಿವಾರ ಅರ್ಧ ದಿನವಾದ್ದರಿಂದ ಮಧ್ಯಾಹ್ನವೇ ಕ್ಲಾಸು ಮುಗಿದು ಹುಡುಗಿಯರು ಹೋದ ಮೇಲೆ ಕೆಳಗಿಳಿದು, ನಾಳೆಗೆ ಲೈನು ನೋಡಬೇಕು ಎಂದು ಅಕ್ಕೋರ ಟ್ಯಾಬು ಕೇಳಿದೆ. ಹೊಲಿಗೆ ಯಂತ್ರದ ಮುಂದೆ ಕುಳಿತವರು ತಲೆಯೆತ್ತದೆ ಕೈಚಾಚಿ ಕೊಟ್ಟರು. ಅದರಲ್ಲಿ ರೌಟರಿನ ಪುಟ ಇಂಗ್ಲಿಷಿನಲ್ಲಿ ಬಂತು. ಅದೇ ಗುಪ್ತಪದ ಹಾಕಿದೆ. ಬಾಗಿಲು ತೆರೆಯಿತು.

ಸುಮ್ಮನೆ ಹೆಸರು ಬದಲಿಸಿ ಎದ್ದು ಬಂದಿದ್ದರೆ ಜಾಣನಾಗುತ್ತಿದ್ದೆ. ಆದರೆ ಎರಡು ದಿನ ನನ್ನನ್ನು ಹೊರಗೆ ನಿಲ್ಲಿಸಿದ್ದು ಯಾರು ಎಂದು ತಿಳಿಯದೆ ಬಿಡುವ ಮನಸ್ಸಾಗಲಿಲ್ಲ. ಟ್ಯಾಬಿನಲ್ಲಿ ಹೊರಬಂದು ಮೊದಲ ಪುಟಕ್ಕೆ ಹೋದೆ, ಪಕ್ಕದಲ್ಲಿ ನನ್ನ ಫೋನನ್ನಿಟ್ಟು ಎರಡರ ಮೇಲೂ ಕಣ್ಣಾಡಿಸಿದೆ. ಆ ಪುಟದಲ್ಲಿ ಬಳಸುವವನ ಹೆಸರನ್ನು ಬರೆಯುವಂತಿಲ್ಲ, ಎರಡು ಹೆಸರಿರುತ್ತವೆ, ಒಂದನ್ನು ಆರಿಸಬೇಕು. ಟ್ಯಾಬಿನಲ್ಲಿ 'ಅಡ್ಮಿನ್' ಎಂದು ಇಂಗ್ಲಿಷಿನಲ್ಲಿತ್ತು. ನನ್ನ ಫೋನಿನಲ್ಲಿ ಅದೇ ಜಾಗದಲ್ಲಿ 'ನಿರ್ವಾಹಕ' ಎಂದಿತ್ತು.

ಆಗ ನೆನಪಾಯಿತು. ಬೆಳೆಯ ರೋಗಗಳ ಬಗ್ಗೆ ಕಂಪನಿ ಕಳಿಸುವ ಇಂಗ್ಲಿಷ್ ಪುರಾಣ ಅರ್ಥವಾಗದೆ, ಕೆಲ ವಾರಗಳ ಹಿಂದೆ ಬ್ರೌಸರಿನಲ್ಲಿ 'ಯಾವಾಗಲೂ ಕನ್ನಡಕ್ಕೆ ಅನುವಾದಿಸು' ಎಂಬುದನ್ನು ಒತ್ತಿದ್ದೆ. ಲ್ಯಾಪ್‌ಟಾಪಿನಲ್ಲೂ ನನ್ನದೇ ಖಾತೆ ಇದ್ದುದರಿಂದ ಆ ಆಜ್ಞೆ ಅಲ್ಲಿಗೂ ಹೋಗಿತ್ತು. ರೌಟರಿನ ಪುಟ ಹಳೆಯ ಕಾಲದ್ದು. ಆರಿಸಿದ ಹೆಸರು ಕಣ್ಣಿಗೆ ಹೇಗೆ ಕಾಣುತ್ತದೋ ಹಾಗೆಯೇ ಅದರ ಕಿವಿಗೆ ಹೋಗುತ್ತದೆ. ಬ್ರೌಸರು ಭಕ್ತಿಯಿಂದ ಎಲ್ಲವನ್ನೂ ಕನ್ನಡಿಸುವಾಗ ನನ್ನ ಹೆಸರನ್ನೂ ಬಿಡಲಿಲ್ಲ. ಗುಪ್ತಪದ ಪ್ರತಿ ಸಲವೂ ಸರಿಯಿತ್ತು. ಆದರೆ ರೌಟರು ಯಾರು ಎಂದು ಕೇಳಿದಾಗಲೆಲ್ಲ ನನ್ನ ಬ್ರೌಸರು ಬೇರೆಯವರ ದನಿಯಲ್ಲಿ ಉತ್ತರ ಕೊಡುತ್ತಿತ್ತು. ಗುರುತು ಸಿಗಲಿಲ್ಲವೆಂದು ಅದನ್ನು ಬೈಯಲು ನನಗೆಲ್ಲಿಯ ಹಕ್ಕು? ನಮ್ಮ ಅವ್ವನಿಗೇ ಸಿಗುವುದಿಲ್ಲ.

ಅನುವಾದ ನಿಲ್ಲಿಸಿ ಫೋನಿನಿಂದಲೂ ಹೋಗಿ ನೋಡಿದೆ. ಬಿಟ್ಟಿತು. ಆ ಖುಷಿಯಲ್ಲಿ ಟ್ಯಾಬನ್ನು ಮೇಜಿನ ಮೇಲೆ ದೊಡ್ಡದಾಗಿ ತೆರೆದಿಟ್ಟು ಹೆಸರು ಬದಲಿಸುವ ಪುಟಕ್ಕೆ ಹೋದೆ. ಯಂತ್ರದ ಸದ್ದು ನಿಂತದ್ದು ಗಮನಕ್ಕೆ ಬರಲಿಲ್ಲ. ಅಕ್ಕೋರು ಹಿಂದೆ ಬಂದು ನಿಂತು, ಕನ್ನಡಕ ಸರಿಮಾಡಿಕೊಂಡು, ಅಲ್ಲಿದ್ದದ್ದನ್ನು ಅಕ್ಷರ ಕೂಡಿಸಿ ಓದಿದರು.

'ಯಾರ್... ಅದಾರ... ಮಾತಾಡಾಕ.'

ನಾನು ಆಡುತ್ತಿದ್ದುದಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. 'ಯಾರ್' ಎದ್ದಿರಲಿಲ್ಲ, 'ಮಾತಾಡಾಕ' ಬಿದ್ದಿರಲಿಲ್ಲ. ಮೂರೂ ಪದ ಒಂದೇ ಮಟ್ಟದಲ್ಲಿ, ಬೇರೆ ಯಾರದೋ ಕಾಗದ ಓದಿದಂತೆ ಬಂದವು.

'ನಾ ದಿನಾ ಹಿಂಗಂತೇನೇನು?' ಎಂದರು.

'ದಿನಾ ಇಲ್ರೀ ಅಕ್ಕೋರ. ಚಾ ಕೊಟ್ಟಾಗ ಅಷ್ಟ.'

ಚಹಾ ದಿನಾ ಕೊಡುತ್ತಾರೆಂಬುದು ಆಡಿದ ಮೇಲೆ ನೆನಪಾಯಿತು. ಅವರು ಬೈಯಲಿಲ್ಲ. ಓಣಿಯವರು ನೋಡಿದ್ದಾರೆಯೇ ಎಂದು ಕೇಳಿದರು. ನೋಡಿದ್ದಾರೆ ಎಂದೆ. ಹೊಸ ಹೆಸರೇನು ಇಡಲಿ ಎಂದದ್ದಕ್ಕೆ, ಹೆಸರು ಬೇಡ, ಬರಿಯ ಅಂಕಿ ಇಡು ಎಂದು ಹೇಳಿ ಯಂತ್ರದ ಮುಂದೆ ಹೋಗಿ ಕುಳಿತರು. ಇಟ್ಟೆ. ಅವರ ಫೋನು, ಟ್ಯಾಬು ಮತ್ತೆ ಜೋಡಿಸಿ ಮೇಲೆ ಬಂದೆ. ಸಂಜೆ ಕಂಬಿ ಬಡಿಯಲಿಲ್ಲ. ಯಂತ್ರ ಮಾತ್ರ ಓಡುತ್ತಲೇ ಇತ್ತು. ನಾನೇ ಒಲೆ ಹಚ್ಚಿ ಚಹಾ ಮಾಡಿಕೊಂಡೆ. ಕುಡಿಯುವಾಗ ಕೋಣೆಯಲ್ಲಿ ನಾನೊಬ್ಬನೇ ಇದ್ದೆ.

ಭಾನುವಾರ ಊಟದ ಹೊತ್ತು ದಾಟಿದ ಮೇಲೆ ಟಣ್ ಟಣ್ ಕೇಳಿಸಿತು. ಚಹಾಕ್ಕಲ್ಲ, ವೈಫೈಗೆ ಎಂದು ಗೊತ್ತಿತ್ತು. ಆದರೂ ಎರಡೆರಡು ಮೆಟ್ಟಿಲು ಹಾರಿ ಇಳಿದೆ. ಪಡಸಾಲೆಯಲ್ಲಿ ಅಣ್ಣ, ಅವರ ಹೆಂಡತಿ, ಇಬ್ಬರು ಗಂಡುಮಕ್ಕಳು, ಸೊಸೆ ಸಾಲಾಗಿ ಕುಳಿತಿದ್ದರು. ಒಬ್ಬೊಬ್ಬರಿಗೂ ಹಚ್ಚಿಕೊಟ್ಟೆ. ಅಂಕಿಯನ್ನು ಯಾರೂ ಎರಡನೆಯ ಸಲ ನೋಡಲಿಲ್ಲ. ಕ್ರಿಕೆಟ್ಟು ಒಂದು ಕಡೆ, ಅಡುಗೆಯ ವಿಡಿಯೊ ಇನ್ನೊಂದು ಕಡೆ ಶುರುವಾಯಿತು. ಅಕ್ಕೋರು ತಟ್ಟೆಗಳಲ್ಲಿ ಚುರುಮುರಿ, ಮಿರ್ಚಿ ಭಜಿ ಇಟ್ಟರು. ಕೈಗಳು ತಟ್ಟೆ ಹುಡುಕಿ ಬಂದವು, ಕಣ್ಣುಗಳು ಬರಲಿಲ್ಲ. ನಾನು ಹೊರಡಲು ಎದ್ದರೆ ಅಕ್ಕೋರು ಗಜಕಡ್ಡಿಯಿಂದಲೇ ಸ್ಟೂಲು ತೋರಿಸಿದರು. ಕುಳಿತೆ. ಯಾರ ದನಿಯನ್ನೂ ತೆಗೆಯಲಿಲ್ಲ.

ಸ್ವಲ್ಪ ಹೊತ್ತಿಗೆ ಅಣ್ಣ ಫೋನಿನಿಂದ ಮುಖವೆತ್ತಿ ಮನೆಯ ವಿಷಯ ತೆಗೆದರು. ಗಿರಾಕಿ ಒಳ್ಳೆಯವನು, ಸವಣೂರಿನಲ್ಲಿ ಇವಳಿಗೆಂದು ಕೋಣೆ ಸುಣ್ಣ ಬಳಿಸಿಟ್ಟಿದೆ, ವಯಸ್ಸು ಏರುತ್ತಿದೆ. ಎಲ್ಲ ಪ್ರೀತಿಯಿಂದಲೇ ಹೇಳಿದರು. ಕೊನೆಗೆ ಹೇಳಿದ್ದು ಇದು: 'ಹಟಾ ಮಾಡಬ್ಯಾಡವಾ. ಇಲ್ಲಿ ನಿನಗ ಯಾರ್ ಅದಾರ ಮಾತಾಡಾಕ?'

ನನ್ನ ಕೈಯ ಮಿರ್ಚಿ ಕೈಯಲ್ಲೇ ಉಳಿಯಿತು. ಅಕ್ಕೋರು ನನ್ನ ಕಡೆ ನೋಡಿದರು, ಆ ಸಾಲಿನ ಕಡೆ ನೋಡಿದರು. ಆಮೇಲೆ ಗಜಕಡ್ಡಿಯನ್ನು ಮೇಜಿನ ಮೇಲಿಟ್ಟು ಅಂದರು:

'ಮ್ಯಾಲ ಇವನೊಬ್ಬಾವ ಅದಾನ ನೋಡಣ್ಣಾ, ಹತ್ತ ಮಂದಿ ಮಾತ ಒಬ್ಬನ ಆಡ್ತಾನ, ನನ್ನ ಮಾತೂ ಬಿಟ್ಟಿಲ್ಲ. ನೀವು ಬಂದಾಗಿಂದ ಐದೂ ಮಂದಿ ಫೋನ್ ನೋಡಾಕತ್ತೀರಿ. ನಿಮ್ಮ ಮನ್ಯಾಗ ಯಾರ್ ಅದಾರಪ್ಪಾ ಮಾತಾಡಾಕ?'