ಗಿರಿಜಕ್ಕ ನೋಡುತ್ತಿದ್ದಾಗ

ಗಿರಿಜಕ್ಕ ಹಾಸ್ಯದ ಸಿನಿಮಾಕ್ಕೆ ಹೋದರೆ, ಹೆಂಗಸರ ಬೆಂಚಿನಲ್ಲಿ ಕೂತವರೆಲ್ಲ ಸ್ವಲ್ಪ ಹೊತ್ತಿಗೆ ಪರದೆ ಬಿಟ್ಟು ಅವರನ್ನೇ ನೋಡಲು ತೊಡಗುತ್ತಿದ್ದರು. ಅವರ ನಗು ಎಲ್ಲರಿಗಿಂತ ಒಂದು ಗಳಿಗೆ ಮೊದಲೇ ಬರುತ್ತಿತ್ತು. ಪರದೆಯ ಮೇಲಿನ ಮನುಷ್ಯ ಇನ್ನೂ ಏಣಿಗೆ ಕಾಲಿಡುತ್ತಿರುವಾಗಲೇ ಇವರ ಹೆಗಲು ಕುಲುಕಲು ಶುರು. ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ತಡೆಯಲು ನೋಡುತ್ತಿದ್ದರು. ತಡೆಯಲಾಗದೆ ಅದು ಒಡೆದು ಹೊರಬಂದಾಗ ಗಂಡಸರ ಕಡೆಯಿಂದ ಯಾರೋ "ಯಾರಮ್ಮ ಅದು?" ಎಂದು ಕೂಗುವುದು, ಕೂಗಿದವನಿಗೇ ನಗು ಬಂದುಬಿಡುವುದು, ಆಮೇಲೆ ಇಡೀ ಥಿಯೇಟರು ನಗುವುದು.

ನಾನು ಮದುವೆಯಾಗಿ ಶಿವಮೊಗ್ಗೆಯಿಂದ ಭದ್ರಾವತಿಯ ನ್ಯೂ ಟೌನಿಗೆ ಬಂದದ್ದು ಅರವತ್ತರ ದಶಕದ ಮೊದಲ ವರ್ಷಗಳಲ್ಲಿ. ನನ್ನ ಯಜಮಾನರು ಕಾರ್ಖಾನೆಯ ಆಫೀಸಿನಲ್ಲಿದ್ದರು. ನಮ್ಮ ಕ್ವಾರ್ಟರ್ಸಿನ ಗೋಡೆಗೆ ಅಂಟಿಕೊಂಡಿದ್ದ ಮನೆ ಗಿರಿಜಕ್ಕನದು. ಮಗಳನ್ನು ದಾವಣಗೆರೆಗೆ ಕೊಟ್ಟಾಗಿತ್ತು. ಗಂಡ ಬಸವರಾಜಪ್ಪನವರು ಪಾಳಿ ಮುಗಿಸಿ ಬಂದು, ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಊಟ ಮಾಡಿ ಮಲಗುವ ಸಾಧು ಮನುಷ್ಯ. "ನೀವಿಬ್ರೂ ಹೋಗಿ ಬನ್ನಿ, ನಂಗೆ ನಿದ್ದೇನೇ ಸಿನಿಮಾ" ಎನ್ನುತ್ತಿದ್ದರು. ಹಾಗಾಗಿ ಗಿರಿಜಕ್ಕನಿಗೆ ನಾನು ಜೊತೆಯಾದೆ.

ಶಿವಮೊಗ್ಗೆಗೆ ಮ್ಯಾಟಿನಿಗೆ ಹೋಗಿ ಬಸ್ಸಿನಲ್ಲಿ ವಾಪಸು ಬರುವಾಗ ಅವರ ವಿಮರ್ಶೆ ನಡೆಯುತ್ತಿತ್ತು. ನಾನು ಬರೀ ನಕ್ಕು ಬಂದಿರುತ್ತಿದ್ದೆ, ಅವರು ನಗುತ್ತಲೇ ಎಲ್ಲವನ್ನೂ ನೋಡಿರುತ್ತಿದ್ದರು.

"ಬೀಳೋದು ಯಾರು ಬೇಕಾದ್ರೂ ಬೀಳ್ತಾರೆ ಕಣೇ," ಎಂದರು ಒಮ್ಮೆ. "ಬಿದ್ದ ಮೇಲೆ ಯಾರಾದ್ರೂ ನೋಡಿದ್ರಾ ಅಂತ ಆ ಕಡೆ ಈ ಕಡೆ ನೋಡ್ತಾನಲ್ಲ, ಅಲ್ಲಿ ಬರಬೇಕು ನಗು. ಇವತ್ತಿನವನು ಬಿದ್ದು ಸುಮ್ಮನೆ ಎದ್ದು ಹೋದ. ನಾಚಿಕೇನೇ ಆಗ್ಲಿಲ್ಲ ಅವನಿಗೆ. ನಾಚಿಕೆ ಇಲ್ಲದವನು ಎಂಥಾ ಹಾಸ್ಯಗಾರ?"

ಹಿಂದಿನ ಸೀಟಿನಲ್ಲಿದ್ದ ಮುದುಕರೊಬ್ಬರು, "ಹಂಗಾದ್ರೆ ಇವತ್ತಿನ ಸಿನಿಮಾ ಚೆನ್ನಾಗಿಲ್ವಾ ತಾಯಿ? ನಾಳೆ ಹೋಗೋಣ ಅಂತಿದ್ದೆ" ಎಂದು ಕೇಳಿದರು.

"ಹೋಗಿ ಯಜಮಾನ್ರೇ. ಅಡುಗೆಭಟ್ಟನ ಪಾರ್ಟು ಮಾಡಿದಾನಲ್ಲ, ಅವನಿಗೋಸ್ಕರ ಹೋಗಿ. ಎರಡೇ ಸಲ ಬರ್ತಾನೆ. ಕಣ್ಣು ಮಿಟುಕಿಸಬೇಡಿ."

ಆ ಅಡುಗೆಭಟ್ಟ ನನಗೆ ನೆನಪೇ ಇರಲಿಲ್ಲ.

ಬಾಸ್ಕೆಟ್‌ಬಾಲ್ ಆಟವನ್ನು ಅವರು ನೋಡುತ್ತಿದ್ದದ್ದೂ ಹೀಗೆಯೇ. ಆ ಕಾಲದಲ್ಲಿ ನಮ್ಮ ಟೌನಿನಲ್ಲಿ ಆ ಆಟದ ಹುಚ್ಚು ಬಹಳ. ಚೆನ್ನಾಗಿ ಆಡುವ ಹುಡುಗರನ್ನು ದೂರದ ಊರುಗಳಿಂದ ಕರೆತಂದು ಕಾರ್ಖಾನೆಯಲ್ಲಿ ಕೆಲಸ ಕೊಡುತ್ತಿದ್ದರು. ಸಂಜೆಯಾದರೆ ಕೋರ್ಟಿನ ಸುತ್ತ ಜನ. ಹೆಂಗಸರು ದೂರದ ಮರದಡಿ ನಿಂತು ನೋಡುವುದು ವಾಡಿಕೆ. ಗಿರಿಜಕ್ಕ ಮಾತ್ರ ಕೋರ್ಟಿನ ಅಂಚಿನ ಕಲ್ಲುಬೆಂಚಿನಲ್ಲೇ ಹೋಗಿ ಕೂರುತ್ತಿದ್ದರು. ನನ್ನನ್ನೂ ಕೈಹಿಡಿದು ಕೂರಿಸುತ್ತಿದ್ದರು.

"ಚೆಂಡು ಹಾಕೋಕೆ ಸಂಬಳವಂತೆ! ನಾವು ಬೆಂಕಿ ಮುಂದೆ ಬೇಯ್ತೀವಿ" ಎಂದು ಯಾರೋ ಗೊಣಗಿದರೆ ಅವರು ತಿರುಗಿ ಹೇಳುತ್ತಿದ್ದರು: "ನೋಡಿ ನೋಡಿ ನಂಗೇ ಸುಸ್ತಾಗ್ತದೆ ಮಾರಾಯ, ಆಡೋನಿಗೆ ಎಷ್ಟಾಗಬೇಡ? ಬೆವರು ಯಾವುದಾದ್ರೇನು, ಉಪ್ಪು ಒಂದೇ."

ಬುಟ್ಟಿಗೆ ಚೆಂಡು ಬಿದ್ದಾಗ ಜನ ಕುಣಿಯುತ್ತಿದ್ದರು. ಗಿರಿಜಕ್ಕ ಕುಣಿಯುತ್ತಿರಲಿಲ್ಲ. ಅವರ ಕಣ್ಣು ಹಿಂದೆಲ್ಲೋ ಇರುತ್ತಿತ್ತು. ಚೆಂಡನ್ನು ದಾಟಿಸಿ, ತಾನು ಅಲ್ಲೇ ಉಳಿದುಬಿಟ್ಟವನನ್ನು ನೋಡಿ ಚಪ್ಪಾಳೆ ತಟ್ಟುತ್ತಿದ್ದರು. "ಹಾಕಿದವನಿಗೆ ಊರೆಲ್ಲ ತಟ್ತದೆ. ಕೊಟ್ಟವನಿಗೆ ನಾನೊಬ್ಬಳಾದ್ರೂ ತಟ್ಟಬೇಡ್ವಾ?"

ಆ ಚಪ್ಪಾಳೆ ಹೆಚ್ಚಾಗಿ ಹೋಗುತ್ತಿದ್ದದ್ದು ಸೆಲ್ವರಾಜನಿಗೆ. ಕೊಯಮತ್ತೂರಿನ ಕಡೆಯ ಹುಡುಗ, ಸ್ಟೋರ್ಸಿನಲ್ಲಿ ಕೆಲಸ. ಎತ್ತರ ಅಷ್ಟೇನಿರಲಿಲ್ಲ, ಆದರೆ ಎತ್ತ ನೋಡುತ್ತಿದ್ದಾನೋ ಅತ್ತ ಚೆಂಡು ಹೋಗುತ್ತಿರಲಿಲ್ಲ, ಎದುರಿನವರು ಏಮಾರುತ್ತಿದ್ದರು. ಕೆಟ್ಟದಾಗಿ ಆಡಿದ ದಿನ ಗಿರಿಜಕ್ಕ ಬೆಂಚಿನಿಂದಲೇ, "ಏನೋ ಇದು ಸೆಲ್ವಾ, ಮಧ್ಯಾಹ್ನ ಜಾಸ್ತಿ ಉಂಡ್ಯಾ?" ಎಂದು ಗದರುತ್ತಿದ್ದರು. ಅವನು ಹಲ್ಲು ಕಿರಿದು ಕೈ ಮುಗಿಯುತ್ತಿದ್ದ.

ಇನ್ನು ಅವರ ಮೂರನೆಯ ಹುಚ್ಚು. ಇದನ್ನು ಹೇಳಿದರೆ ನನ್ನ ಮೊಮ್ಮಕ್ಕಳು ನಂಬುವುದಿಲ್ಲ. ಟೆಲಿವಿಷನ್ ಎಂಬುದನ್ನು ನಾವ್ಯಾರೂ ಕಣ್ಣಿನಿಂದ ಕಂಡಿರದ ಆ ಕಾಲದಲ್ಲಿ, ಗಿರಿಜಕ್ಕ ಟೆಲಿವಿಷನ್ನಿನ ಒಂದು ಧಾರಾವಾಹಿಯ ಅಭಿಮಾನಿಯಾಗಿದ್ದರು.

ತರಬೇತಿಗೆಂದು ಅಮೆರಿಕಕ್ಕೆ ಹೋಗಿಬಂದ ಇಂಜಿನಿಯರೊಬ್ಬರು ನಮ್ಮ ಬೀದಿಯ ಕೊನೆಯಲ್ಲಿದ್ದರು. ಒಂದು ಅರಿಶಿನ ಕುಂಕುಮಕ್ಕೆ ಅವರ ಮನೆಗೆ ಹೋದಾಗ ಅವರು ಅಲ್ಲಿನ ಟೆಲಿವಿಷನ್ ಪೆಟ್ಟಿಗೆಯ ಸಂಗತಿ ಹೇಳಿದರು. ವಾರಕ್ಕೊಮ್ಮೆ ಬರುವ ಒಂದು ಕಥೆಯಂತೆ. ಆಕಾಶದಲ್ಲಿ ಹೋಗುವ ಹಡಗೊಂದು ಕೆಟ್ಟು, ಗೊತ್ತಿಲ್ಲದ ಗ್ರಹದಲ್ಲಿ ಇಳಿಯುತ್ತದೆ. ಅಲ್ಲಿ ಎರಡು ಸೂರ್ಯ, ಕತ್ತಲೆಯೇ ಆಗುವುದಿಲ್ಲ. ಹಡಗಿನವರು ಭೂಮಿಗೆ ದಿನಾ ವೈರ್‌ಲೆಸ್ಸಿನಲ್ಲಿ ಕೂಗುತ್ತಾರೆ, ಉತ್ತರ ಬರುವುದಿಲ್ಲ.

ಕುಂಕುಮದ ಬಟ್ಟಲು ಕೈಯಲ್ಲೇ ಉಳಿಯಿತು. "ಮುಂದೆ?" ಎಂದರು ಗಿರಿಜಕ್ಕ.

"ಮುಂದೆ ಗೊತ್ತಿಲ್ಲಮ್ಮ. ಅಷ್ಟರಲ್ಲಿ ನನ್ನ ಟ್ರೇನಿಂಗ್ ಮುಗೀತು, ಬಂದ್ಬಿಟ್ಟೆ."

"ಅಯ್ಯೋ! ಅವರನ್ನ ಅಲ್ಲೇ ಬಿಟ್ಟು ಬಂದ್ಬಿಟ್ರಾ?"

ಇಂಜಿನಿಯರು ನಕ್ಕರು. ಗಿರಿಜಕ್ಕ ನಗಲಿಲ್ಲ. ಮನೆಗೆ ಬರುವ ದಾರಿಯಲ್ಲೇ ಅವರ ತಕರಾರು ಶುರುವಾಯಿತು. "ಅಷ್ಟು ಜನ ಇದಾರೆ, ಅಡುಗೆ ಯಾರು ಮಾಡ್ತಾರೆ ಅಂತ ಆ ಪುಣ್ಯಾತ್ಮ ಹೇಳ್ಲೇ ಇಲ್ಲ ನೋಡು. ಕತ್ತಲೆ ಇಲ್ಲ ಅಂದ್ರೆ ಮಕ್ಕಳನ್ನ ಮಲಗಿಸೋದು ಹೆಂಗೆ?"

ಮುಂದಿನ ಶನಿವಾರ ಸಂಜೆ, ಆಟಗಾರರು ಬರುವ ಮೊದಲು, ಕಲ್ಲುಬೆಂಚಿನ ಮೇಲೆ ಅವರು ಆ ಕಥೆಯನ್ನು ಮುಂದುವರಿಸಿದರು. ಮೊದಲು ಕೇಳಿದವಳು ನಾನೊಬ್ಬಳೇ. ಕೆಲವು ವಾರಗಳಲ್ಲಿ ಮರದಡಿಯ ಹೆಂಗಸರೆಲ್ಲ ಬೆಂಚಿನ ಸುತ್ತ ಬಂದು ಕೂತರು. ತಮಿಳು ಮನೆಯವರು, ತೆಲುಗು ಮನೆಯವರು, ಎಲ್ಲರೂ. ಎರಡು ಸೂರ್ಯನ ಆ ಊರಿನಲ್ಲಿ ಹೆಂಗಸರು ಕಂಬಳಿಗಳನ್ನು ಹೊಲಿದು ಕತ್ತಲೆಯ ಕೋಣೆ ಮಾಡಿದರು. ಸರತಿಯ ಮೇಲೆ ಹೋಗಿ ಅತ್ತು ಬರಲು ಒಂದು ಮೂಲೆ ಇಟ್ಟರು. ಹೈಸ್ಕೂಲನ್ನೂ ಮುಗಿಸದ ಈ ಹೆಂಗಸು ಇದನ್ನೆಲ್ಲ ಎಲ್ಲಿ ಕಂಡರು?

"ರಾಕ್ಷಸ ಬರಲಿ ಅಕ್ಕಾ, ನಾಲ್ಕು ತಲೆಯವನು!" ಎಂದು ಯಾರೋ ಕೇಳಿದರು.

"ಬರಲ್ಲ. ರಾಕ್ಷಸ ಬಂದ ಅಂದ್ರೆ ಕಥೆ ಹೇಳೋಳಿಗೆ ಬೇರೇನೂ ತೋಚಲಿಲ್ಲ ಅಂತ ಅರ್ಥ. ಮನುಷ್ಯರು ಮನುಷ್ಯರ ಜೊತೆ ಹೆಂಗಿರ್ತಾರೆ ಅನ್ನೋದೇ ಮುಗಿದಿಲ್ಲ ಇಲ್ಲಿ."

ಆ ವರ್ಷದ ಒಂದು ಪಂದ್ಯದಲ್ಲಿ ಸೆಲ್ವರಾಜ ಚೆಂಡಿಗೆ ಹಾರಿ ಕೆಳಗಿಳಿಯುವಾಗ ಮೊಣಕಾಲು ತಿರುಗಿ ಬಿದ್ದ. ಶಿವಮೊಗ್ಗೆಯ ಡಾಕ್ಟರು, ನಡೆಯಬಹುದು, ಇನ್ನು ಹಾರುವಂತಿಲ್ಲ ಎಂದರು. ಕೆಲಸವನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಆದರೆ ಅವನು ಸ್ಟೋರ್ಸಿಗೆ ಹೋಗುವುದನ್ನೇ ಬಿಟ್ಟು ಬಾಗಿಲು ಹಾಕಿಕೊಂಡು ಕೂತ. ಟ್ರಂಕು ಕಟ್ಟಿದ್ದಾನೆ, ಊರಿಗೆ ಹೊರಟಿದ್ದಾನೆ ಎಂಬ ಸುದ್ದಿ ಬಂತು.

ಗಿರಿಜಕ್ಕ ನನ್ನನ್ನು ಕರೆದುಕೊಂಡು ಅವನ ಕೋಣೆಗೆ ಹೋದರು. ದಾರಿಯಲ್ಲಿ ಏನು ಹೇಳುತ್ತೀರಿ ಎಂದು ಕೇಳಿದೆ. "ನಂಗೇನು ಗೊತ್ತು?" ಎಂದರು.

ಸೆಲ್ವರಾಜ ಗಡ್ಡ ಬಿಟ್ಟಿದ್ದ. ನಮ್ಮನ್ನು ನೋಡಿ ಎದ್ದು ನಿಲ್ಲಲು ಹೋಗಿ ಗೋಡೆ ಹಿಡಿದುಕೊಂಡ. "ಎಲ್ಲಾ ಪೋಚ್ಚು ಅಕ್ಕಾ, ಎಲ್ಲಾ ಹೋಯ್ತು. ಆಟಕ್ಕೆ ಅಂತ ಕೊಟ್ಟ ಕೆಲಸ. ಆಟ ಇಲ್ಲ ಅಂದ್ಮೇಲೆ ಯಾವ ಮುಖ ಇಟ್ಕೊಂಡು ಕೂತ್ಕೊಳ್ಳಲಿ?"

ಅವರು ಸಮಾಧಾನದ ಮಾತು ಒಂದೂ ಆಡಲಿಲ್ಲ. ಟ್ರಂಕಿನ ಮೇಲೆ ಕೂತು, ತಂದ ರೊಟ್ಟಿ ಪಲ್ಯ ಬಿಚ್ಚಿಟ್ಟು, ತಮಗೆ ಬಂದ ತೊಂದರೆಯನ್ನು ಹೇಳಿಕೊಂಡರು. "ನೋಡೋ, ನನ್ನ ಕಥೇಲಿ ಹಡಗು ಕೆಟ್ಟು ಕೂತಿದೆ. ಇನ್ನು ಹಾರಲ್ಲ. ಹಡಗು ನಡೆಸೋನೊಬ್ಬ ಇದಾನೆ. ಅವನನ್ನ ಏನು ಮಾಡಬೇಕು ಅಂತಾನೇ ತಿಳೀತಿಲ್ಲ ನಂಗೆ. ಶನಿವಾರ ಹೆಂಗಸ್ರು ಕೇಳ್ತಾರೆ. ನಿಜವಾಗ್ಲೂ ತಿಳೀತಿಲ್ಲ ಕಣೋ. ಯೋಚಿಸಿ ಬಂದು ಹೇಳು. ಆಮೇಲೆ ಊರಿಗೆ ಹೋಗು."

ಅವನು ಬಂದ. ಶನಿವಾರ ಸಂಜೆ ಕುಂಟುತ್ತ ಬಂದು ಬೆಂಚಿನ ತುದಿಯಲ್ಲಿ ಕೂತ. "ನಂಗೂ ತಿಳೀಲಿಲ್ಲ ಅಕ್ಕಾ," ಎಂದ. ಗಿರಿಜಕ್ಕನಿಗೆ ನಿರಾಸೆಯಾದದ್ದು ನಟನೆಯಲ್ಲ. "ಹೋಗ್ಲಿ ಬಿಡು," ಎಂದು ಕಥೆಯನ್ನು ಬೇರೆ ಕಡೆಯಿಂದ ಎತ್ತಿಕೊಂಡರು.

ಖಾಲಿಯಿದ್ದ ಕೋರ್ಟಿನಲ್ಲಿ ಹೈಸ್ಕೂಲಿನ ಹುಡುಗಿಯರು ಲಂಗದ ಚುಂಗು ಸಿಕ್ಕಿಸಿಕೊಂಡು ಚೆಂಡೆಸೆಯುತ್ತಿದ್ದರು. ಒಬ್ಬಳು ಎರಡೂ ಕೈಯಲ್ಲಿ, ಬಿಂದಿಗೆ ನೀರು ಚೆಲ್ಲುವ ಹಾಗೆ ಎಸೆದಳು. ಸೆಲ್ವರಾಜ ತುಟಿ ಕಚ್ಚಿಕೊಂಡ. ಮತ್ತೆ ಹಾಗೇ ಎಸೆದಳು. "ಐಯೋ, ಮೊಣಕೈ! ಮೊಣಕೈ ಒಳಗೆ!" ಎಂದು ಕೂಗಿಬಿಟ್ಟ. ಹುಡುಗಿ ತಬ್ಬಿಬ್ಬಾಗಿ ನಿಂತಳು. ಇವನು ಎದ್ದ. ನೋವಿಗೆ ಮುಖ ಕಿವುಚಿಕೊಂಡು, ಒಂದೊಂದೇ ಹೆಜ್ಜೆ ಇಡುತ್ತ ಕೋರ್ಟಿನೊಳಗೆ ಹೋದ.

ಕಥೆ ಕೇಳುತ್ತಿದ್ದವರು "ಆಮೇಲೆ ಏನಾಯ್ತು ಅಕ್ಕಾ?" ಎಂದರು.

"ಷ್," ಎಂದರು ಗಿರಿಜಕ್ಕ. "ಕಥೆ ಇರಲಿ. ಆಟ ನೋಡ್ರೀ."

ಸೆಲ್ವರಾಜ ಊರಿಗೆ ಹೋಗಲಿಲ್ಲ. ಅವನು ಕಟ್ಟಿದ ಹುಡುಗಿಯರ ತಂಡಕ್ಕೆ ಮನೆಮನೆಯ ಅಪ್ಪಂದಿರಿಂದ ಒಪ್ಪಿಗೆ ತಂದವರು ಗಿರಿಜಕ್ಕ. ಶಿವಮೊಗ್ಗೆಯಲ್ಲಿ ಅವರ ಮೊದಲ ಪಂದ್ಯಕ್ಕೆ ನಾವು ಬಸ್ಸು ತುಂಬ ಹೆಂಗಸರು ಹೋದೆವು. ಹುಡುಗಿಯರು ಹೀನಾಯವಾಗಿ ಸೋತರು. ಒಬ್ಬಳಂತೂ ಗಾಬರಿಯಲ್ಲಿ ನಮ್ಮದೇ ಬುಟ್ಟಿಗೆ ಚೆಂಡು ಹಾಕಿ, ಯಾರಾದರೂ ನೋಡಿದರಾ ಎಂದು ಸುತ್ತ ಕಣ್ಣಾಡಿಸಿದಳು. ಗಿರಿಜಕ್ಕನ ನಗು ಮೈದಾನವನ್ನೆಲ್ಲ ತುಂಬಿತು, ಸೋತ ಹುಡುಗಿಯರೂ ಅಳುವುದು ಬಿಟ್ಟು ನಕ್ಕರು. ಮುಂದಿನ ವರ್ಷ ಗೆದ್ದರು.

ಬಸವರಾಜಪ್ಪನವರು ರಿಟೈರಾದ ಮೇಲೆ ಅವರಿಬ್ಬರೂ ಶಿವಮೊಗ್ಗೆಗೆ ಹೋಗಿಬಿಟ್ಟರು. ಪಕ್ಕದ ಗೋಡೆಯಾಚೆ ಬೇರೆ ಸಂಸಾರ ಬಂತು. ಕೆಲಕಾಲದ ಮೇಲೆ ಗಿರಿಜಕ್ಕ ಆಸ್ಪತ್ರೆಯಲ್ಲಿದ್ದಾರೆ, ಹೊಟ್ಟೆಯ ಕಾಯಿಲೆ, ಗುಣವಾಗುವಂಥದ್ದಲ್ಲ ಎಂದು ತಿಳಿಯಿತು.

ಮಧ್ಯಾಹ್ನದ ಬಿಸಿಲಿನಲ್ಲಿ ವಾರ್ಡಿಗೆ ಹೋದೆ. ಇಷ್ಟೇ ಇಷ್ಟಾಗಿದ್ದರು. ತಂದಿದ್ದ ಕಿತ್ತಳೆಹಣ್ಣನ್ನು ಸುಲಿಯತೊಡಗಿದೆ. ಕಣ್ಣೀರು ಬರದಿರಲೆಂದು ಹಣ್ಣಿನ ಮೇಲೇ ಗಮನವಿಟ್ಟು ಸಿಪ್ಪೆಯನ್ನು ಎಲ್ಲೂ ತುಂಡಾಗದಂತೆ ಬಿಡಿಸಿದೆ. ಮೊದಲಿಂದಲೂ ನಾನು ಹಾಗೆಯೇ ಸುಲಿಯುವುದು. ಬಿಳಿ ನಾರನ್ನೂ ತೆಗೆದು, ತೊಳೆಗಳನ್ನು ಬುಡದಲ್ಲಿ ಬೇರ್ಪಡಿಸದೆ ಅಂಗೈಯ ಮೇಲೆ ಅರಳಿಸಿಟ್ಟೆ.

ತಲೆ ಎತ್ತಿದರೆ ಅವರು ನನ್ನ ಕೈಗಳನ್ನೇ ನೋಡುತ್ತಿದ್ದರು. ಕಾಯಿಲೆಯ ಮುಖದಲ್ಲಿ ಕಣ್ಣು ಮಾತ್ರ ಝಗಝಗ ಹೊಳೆಯುತ್ತಿತ್ತು.

"ಮಾರಾಯ್ತಿ," ಎಂದರು ಮೆಲ್ಲಗೆ. "ಇಷ್ಟು ವರ್ಷ ಪಕ್ಕದಲ್ಲೇ ಇದ್ದೆ. ಇದನ್ನ ನಾನು ನೋಡೇ ಇಲ್ವಲ್ಲೇ!" ಪಕ್ಕದ ಮಂಚದ ಹೆಂಗಸನ್ನು ಕೂಗಿದರು. "ಇಲ್ಲಿ ನೋಡ್ರೀ, ನಮ್ಮ ಹುಡುಗಿ ಹಣ್ಣು ಸುಲಿಯೋದು ನೋಡ್ರೀ. ಇನ್ನೊಂದು ಸುಲಿ ತಾಯಿ. ನಿಧಾನಕ್ಕೆ."

ಇನ್ನೊಂದನ್ನು ತೆಗೆದುಕೊಂಡೆ. ನನ್ನ ಬೆರಳುಗಳು ನನ್ನವೇ ಅಲ್ಲವೆನ್ನುವಷ್ಟು ಚೆಂದವಾಗಿ ಓಡಿದವು. ಹುಟ್ಟಿದಾಗಿನಿಂದ ನನ್ನನ್ನು ಯಾರೂ ಹಾಗೆ ನೋಡಿರಲಿಲ್ಲ. ಸಿಪ್ಪೆ ಮುಗಿಯುತ್ತಿದ್ದಂತೆ ಅವರು ಸೂಜಿ ಚುಚ್ಚಿದ ಕೈಯನ್ನು ನಿಧಾನವಾಗಿ ಎತ್ತಿ, ಇನ್ನೊಂದು ಕೈಗೆ ತಾಗಿಸಿದರು. ಸದ್ದು ಬರಲಿಲ್ಲ. ಮತ್ತೆ ತಾಗಿಸಿದರು.

ಮುಂದಿನ ಸಲ ಹೋಗುವಷ್ಟರಲ್ಲಿ ಆ ಮಂಚದ ಮೇಲೆ ಬೇರೆ ಯಾರೋ ಮಲಗಿದ್ದರು. ಪಕ್ಕದ ಮಂಚದ ಹೆಂಗಸು ನನ್ನ ಗುರುತು ಹಿಡಿದು, ತನ್ನವರಿಗೆ ತೋರಿಸಿ ಹೇಳಿದಳು: "ಇವರೇ ನೋಡ್ರೀ, ಅವರು ದಿನಾ ಹೇಳ್ತಿದ್ರಲ್ಲ."