ಮಾಲೆಯಿಲ್ಲದ ನಲವತ್ತೆಂಟು ದಿನ

ಬಳೇಪೇಟೆಯ ವೀರಭದ್ರಯ್ಯನವರ ಹಾರ್ಮೋನಿಯಂ ಅಂಗಡಿಯಲ್ಲಿ ಶ್ರುತಿ ಕೂಡಿಸುವ ಮಣೆ ಇಪ್ಪತ್ತು ವರ್ಷದಿಂದ ಮಾಯಣ್ಣನದೇ. ಸ್ವರ ಹೊರಡಿಸುವ ಹಿತ್ತಾಳೆಯ ಪಟ್ಟಿ, ಅಂದರೆ ರೀಡನ್ನು, ಅರದಿಂದ ಕೂದಲೆಳೆಯಷ್ಟು ಕೆರೆದು ಸ್ವರ ಸರಿಮಾಡಬೇಕು. ಒಂದೆಳೆ ಹೆಚ್ಚಾದರೆ ರೀಡೇ ಹಾಳು. 1998ರ ಸಂಕ್ರಾಂತಿ ಕಳೆದ ಮೇಲೆ ಬೆಳಗಿನ ಹೊತ್ತು ಅವನ ಕೈ ನಡುಗತೊಡಗಿತು. ಒಂದೇ ವಾರದಲ್ಲಿ ಒಂಬತ್ತು ರೀಡು ಕೆಟ್ಟವು. ವೀರಭದ್ರಯ್ಯ ಬೈಯಲಿಲ್ಲ. ಅರವನ್ನು ಎತ್ತಿಟ್ಟು, "ಸ್ವಲ್ಪ ದಿನ ತಿದಿ ಅಂಟಿಸ್ಕೊಂಡಿರು ಮಾಯಣ್ಣ" ಎಂದರು. ಗಾಳಿಯೂದುವ ತಿದಿಗೆ ಅಂಟು ಹಾಕುವುದು ಹೊಸಬರಿಗೆ ಕೊಡುವ ಕೆಲಸ. ಬೈದಿದ್ದರೇ ವಾಸಿಯಿತ್ತು ಎನಿಸಿತು ಅವನಿಗೆ.

ಕೈ ನಡುಗಿಸುತ್ತಿದ್ದ ಆ ಕುಡಿತವನ್ನು ಬಿಡಲು ಬಾರದವನೇನಲ್ಲ ಮಾಯಣ್ಣ. ಪ್ರತಿವರ್ಷ ಬಿಡುತ್ತಿದ್ದ. ಅಯ್ಯಪ್ಪನ ಮಾಲೆ ಹಾಕಿದರೆ ನಲವತ್ತೆಂಟು ದಿನ ಒಂದು ಹನಿ ಮುಟ್ಟುತ್ತಿರಲಿಲ್ಲ. ಶಬರಿಮಲೆಯಿಂದ ಬಂದು ಮಾಲೆ ತೆಗೆದ ಸಂಜೆಯೇ ಕಾಟನ್‌ಪೇಟೆಯ ಸಾರಾಯಿ ಅಂಗಡಿಗೆ ಹಾಜರು. ಸ್ವಾಮಿ ಕೈಬಿಟ್ಟ, ನಾನೇನು ಮಾಡಲಿ ಎನ್ನುತ್ತಿದ್ದ. ತಪ್ಪನ್ನು ದೇವರ ತಲೆಗೆ ಕಟ್ಟುವುದರಲ್ಲಿ ಭಕ್ತರು ಯಾರಿಗೂ ಕಮ್ಮಿಯಿಲ್ಲ ಬಿಡಿ.

ಹೆಂಡತಿ ಲಕ್ಷ್ಮೀದೇವಮ್ಮ ಅವನನ್ನು ಸರ್ಕಾರಿ ಆಸ್ಪತ್ರೆಗೆ ಎಳೆದೊಯ್ದಳು. ಡಾಕ್ಟರ್ ರಂಗನಾಯಕಿ ಅವನ ಸಂಜೆಯ ದಿನಚರಿಯನ್ನೂ ಮಾಲೆಯ ಕಥೆಯನ್ನೂ ಆಸಕ್ತಿಯಿಂದ ಕೇಳಿದರು.

"ಮೊದಮೊದಲು ಕುಡಿದ್ರೆ ಮಿದುಳಲ್ಲಿ ಡೋಪಮೈನ್ ಅನ್ನೋ ರಸ ಉಕ್ಕಿ ಖುಷಿ ಆಗ್ತಿತ್ತು. ಈಗ ಸಂಜೆ ನಿಮ್ಮ ಹಾರ್ಮೋನಿಯಂ ಅಂಗಡಿ ಷಟರ್ ಎಳೆದ ಸದ್ದಿಗೇ ಉಕ್ಕುತ್ತೆ, ಕಾಲು ತಾನಾಗೇ ಕಾಟನ್‌ಪೇಟೆ ಕಡೆ ತಿರುಗುತ್ತೆ. ಇದು ಮಿದುಳು ಕಲಿತಿರೋ ಪಾಠ, ನಿಮ್ಮ ಕೆಟ್ಟತನ ಅಲ್ಲ. ಮಾಲೆ ಹಾಕ್ದಾಗ ಏನೇನು ಬದಲಾಗುತ್ತೆ, ಹೇಳಿ."

ಮಾಯಣ್ಣ ಬೆರಳು ಮಡಿಸಿದ. ಬಟ್ಟೆ, ಏಳುವ ಹೊತ್ತು, ಜೊತೆಗಾರರು, ಸಂಜೆ ಹೋಗುವ ದಾರಿ. ಹೆಸರು ಕೂಡ, ಎಲ್ಲರೂ ಸ್ವಾಮಿ ಎನ್ನುತ್ತಾರೆ.

"ಮಾಲೆ ತೆಗೆದ ದಿನ ಎಲ್ಲಾನೂ ಮೊದಲಿನ ಹಾಗೇ ಮಾಡ್ಕೊತೀರಿ. ಮಿದುಳು ಹಳೇ ಪಾಠ ಒಪ್ಪಿಸಿಬಿಡುತ್ತೆ. ಅದನ್ನ ಅಳಿಸೋಕಾಗಲ್ಲ, ಹೊಸ ಪಾಠ ಕಲಿಸ್ಬಹುದು."

ಕುಡಿತ ಈಗ ಕೈ ನಡುಗುವ ಮಟ್ಟಕ್ಕೆ ಬಂದಿದ್ದರಿಂದ ಒಮ್ಮೆಲೇ ಬಿಟ್ಟರೆ ಅಪಾಯವೆಂದು ಮಾತ್ರೆ ಕೊಟ್ಟು ಹತ್ತು ದಿನ ಆಸ್ಪತ್ರೆಯಲ್ಲೇ ಇರಿಸಿಕೊಂಡರು. ಮರಳಿದ ಮೇಲೆ ಮಾಯಣ್ಣ ಷಟರ್ ಎಳೆಯುವ ಮೊದಲೇ ಹೊರಡತೊಡಗಿದ. ಲಕ್ಷ್ಮೀದೇವಮ್ಮ ಅಂಗಡಿಯ ಹತ್ತಿರ ಬಂದು ನಿಂತಿರುತ್ತಿದ್ದಳು. ಇಬ್ಬರೂ ಕಾಟನ್‌ಪೇಟೆ ತಪ್ಪಿಸಿ ಚಿಕ್ಕಪೇಟೆ, ಮಾರ್ಕೆಟ್ ಬಳಸಿ ಚಾಮರಾಜಪೇಟೆಯ ಮನೆಗೆ ನಡೆಯುವರು. ಬಾಯಲ್ಲಿ ಹುರಿಗಡಲೆ, ಕೈಯಲ್ಲಿ ತರಕಾರಿ ಚೀಲ. ಈ ವಯಸ್ಸಿನಲ್ಲಿ ಜೋಡಿ ಸವಾರಿಯೇ ಎಂದು ಬೀದಿಯವರು ಮುಸಿಮುಸಿ ನಕ್ಕರು. ಮೂರನೆಯ ವಾರ ನೆಂಟರ ಮನೆಯ ನಾಮಕರಣದಲ್ಲಿ ಎಡವಿದ, ಕುಡಿದುಬಿಟ್ಟ. ತಲೆತಗ್ಗಿಸಿ ಬಂದವನಿಗೆ ಡಾಕ್ಟರು, "ಒಂದಿನ ತಪ್ಪಿದ್ರೆ ಕಲಿತಿದ್ದೆಲ್ಲ ಹೋಗಲ್ಲ. ನಾಳೆ ಮತ್ತೆ ಅದೇ ದಾರಿ ಹಿಡೀರಿ" ಎಂದರು.

ಅಂದಿನಿಂದ ನಲವತ್ತೆಂಟು ದಿನ ಕಳೆದವು. ನಲವತ್ತೊಂಬತ್ತನೆಯ ಸಂಜೆಯೇ ಲಕ್ಷ್ಮೀದೇವಮ್ಮನಿಗೆ ಜ್ವರ ಬರಬೇಕೆ! ಪ್ರತಿವರ್ಷ ಮಾಲೆ ತೆಗೆದ ಅವನು ಮತ್ತೆ ಕುಡಿದು ಅವಳನ್ನು ಸೋಲಿಸುತ್ತಿದ್ದ ದಿನವದು. ಬಾಗಿಲಿಗೆ ಕಣ್ಣು ನೆಟ್ಟು ಮಲಗಿದ್ದಳು. ಏಳೂವರೆಗೆ ಮಾಯಣ್ಣ ಒಂದು ಕಟ್ಟು ದಂಟಿನ ಸೊಪ್ಪು ಹಿಡಿದು ಒಳಗೆ ಬಂದು, "ಸಾರಿಗೆ ಏನ್ ಹಾಕ್ಬೇಕು, ಅಲ್ಲಿಂದ್ಲೇ ಹೇಳು" ಎಂದ. ಅವಳು ಗೋಡೆಯ ಕಡೆ ತಿರುಗಿ ಅತ್ತಳು.

ಮರುದಿನ ಅವನೇ ಅರ ಕೇಳಿದ. ವೀರಭದ್ರಯ್ಯ ಅನುಮಾನದಿಂದಲೇ ಒಂದು ರೀಡು ಕೊಟ್ಟರು. ಮಾಯಣ್ಣ ಉಸಿರು ಬಿಗಿಹಿಡಿದು ಮೂರು ಸಲ ಕೆರೆದ, ಕೂರಿಸಿ ಗಾಳಿ ಕೊಟ್ಟ. ಸ್ವರ ನೆಟ್ಟಗೆ ನಿಂತಿತು. ಯಜಮಾನರು ರೀಡಿನ ಡಬ್ಬವನ್ನೇ ಅವನ ಮುಂದೆ ಸರಿಸಿದರು.

"ಯಾವ ದೇವರಿಗೆ ಹರಕೆ ಹೊತ್ತಿದ್ದೆಯೋ?"

"ಹರಕೆ ಏನಿಲ್ಲ ಯಜಮಾನ್ರೆ," ಎಂದ ಮಾಯಣ್ಣ, ಇನ್ನೊಂದು ರೀಡು ಕೈಗೆತ್ತಿಕೊಳ್ಳುತ್ತ. "ಈ ಸಲ ನಾನೇ ಬಿಟ್ಟೆ."